ಹಾಡಿನ ಜೊತೆಗೆ ಬರೆದವರ ಹೆಸರನ್ನೂ ಉಳಿಸಿಕೊಡುವ ತುಮಕೂರಿನ ಕ್ಯಾಸೆಟ್ ಅಂಗಡಿ

ತುಮಕೂರಿನ ಚಿಕ್ಕಪೇಟೆಯ ಒಳರಸ್ತೆಯೊಂದರಲ್ಲಿ, ಪಾತ್ರೆ ಅಂಗಡಿಗೂ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಗೂ ನಡುವೆ, ಹಳೆಯ ಕ್ಯಾಸೆಟ್ಟುಗಳಲ್ಲಿರುವ ಹಾಡುಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಸಣ್ಣ ಅಂಗಡಿಯೊಂದಿದೆ. ಇಂಥ ಕೆಲಸ ಮಾಡಿಕೊಡುವವರು ಬೆಂಗಳೂರಿನಲ್ಲಿ ಹಲವರಿದ್ದಾರೆ. ಅದಕ್ಕೆ ಬೇಕಾದ ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ಆದರೂ ಈ ಅಂಗಡಿಯ ಬಗ್ಗೆ ವಿವರವಾಗಿ ಬರೆಯಲು ಕಾರಣವಿದೆ. ಇಲ್ಲಿ ಹಾಡನ್ನು ಬರೆದ ಕವಿ, ರಾಗ ಸಂಯೋಜಿಸಿದವರು, ಹಾಡಿದವರು ಈ ಮೂವರ ಹೆಸರನ್ನೂ ಪ್ರತಿ ಫೈಲಿನೊಳಗೆ ಬರೆದು, ಕ್ಯಾಸೆಟ್ಟಿನ ಕವರಿನ ಎರಡೂ ಬದಿಯ ಚಿತ್ರ ತೆಗೆದು ಸೇರಿಸಿ ಕೊಡುತ್ತಾರೆ. ಅಲ್ಲಿ ಕೊಟ್ಟ ಹಣದ ಮುಕ್ಕಾಲು ಪಾಲು ಈ ಕೆಲಸಕ್ಕೇ ಸಂದಿತು ಎಂದು ನಾನು ಭಾವಿಸುತ್ತೇನೆ.

ಅಂಗಡಿಯ ಹೆಸರನ್ನಾಗಲಿ ತಮ್ಮ ಹೆಸರನ್ನಾಗಲಿ ಬರೆಯಬಾರದೆಂದು ಮಾಲೀಕರು ಕೇಳಿಕೊಂಡಿದ್ದಾರೆ. ಸಹಾಯಕ್ಕೆ ಯಾರೂ ಇಲ್ಲದೆ ಒಬ್ಬರೇ ದುಡಿಯುವ ಅವರಿಗೆ ಈಗ ಬರುತ್ತಿರುವ ಕೆಲಸವೇ ಕೈತುಂಬ ಇದೆ. ಹೋಗಬೇಕೆನ್ನುವವರು ಚಿಕ್ಕಪೇಟೆಯಲ್ಲಿ ಟೇಪ್ ರೆಕಾರ್ಡರ್ ರಿಪೇರಿಯವರು ಎಂದು ವಿಚಾರಿಸಿದರೆ ಅಕ್ಕಪಕ್ಕದವರು ದಾರಿ ತೋರಿಸುತ್ತಾರೆ. ಒಳಗೆ ನಾಲ್ಕು ಜನ ನಿಲ್ಲುವಷ್ಟು ಜಾಗ. ಗೋಡೆಯುದ್ದಕ್ಕೂ ರೇಡಿಯೊ, ಟೇಪ್ ಎರಡೂ ಒಂದರಲ್ಲೇ ಇರುವ ಟೂ ಇನ್ ಒನ್‌ಗಳು, ವಾಲ್ವ್ ರೇಡಿಯೊಗಳು, ಬಿಡಿಭಾಗಗಳಿಗಾಗಿ ಬಿಚ್ಚಿಟ್ಟ ಡೆಕ್‌ಗಳು. ಕೆಲಸ ನಡೆಯುವ ಮೇಜಿನ ಮೇಲೆ ಮಾತ್ರ ಧೂಳಿನ ಕಣವೂ ಇಲ್ಲ. ಎರಡು ಒಳ್ಳೆಯ ಕ್ಯಾಸೆಟ್ ಡೆಕ್, ಒಂದು ಕಂಪ್ಯೂಟರ್, ಒಂದು ಜೊತೆ ಹೆಡ್‌ಫೋನ್, ಸ್ಪಿರಿಟ್ ಬಾಟಲಿ, ಹತ್ತಿ ಸುತ್ತಿದ ಕಡ್ಡಿಗಳು ಅಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟಿವೆ.

ನಾನು ಒಯ್ದದ್ದು ನಮ್ಮ ಮನೆಯ ಅಟ್ಟದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿದ್ದ ಕ್ಯಾಸೆಟ್ಟುಗಳನ್ನು. ಅವುಗಳಲ್ಲಿ ಹೆಚ್ಚಿನವು ಭಾವಗೀತೆ. ಕೆಲವು ಚಿತ್ರಗೀತೆ, ಒಂದೆರಡು ರಂಗಗೀತೆ, ಉಳಿದವು ಮನೆಯವರೇ ಹಾಡಿ ತುಂಬಿಸಿದ ಖಾಲಿ ಕ್ಯಾಸೆಟ್ಟುಗಳು. ಈ ಹಾಡುಗಳಲ್ಲಿ ಬಹುಪಾಲು ಇಂದು ಮೊಬೈಲಿನಲ್ಲಿ ಸಿಗುತ್ತವೆ, ಹಾಗಿರುವಾಗ ಇಷ್ಟು ಶ್ರಮವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಮೊಬೈಲಿನ ಪರದೆಯ ಮೇಲೆ ಹಾಡಿನ ಮೊದಲ ಸಾಲು, ಗಾಯಕರ ಹೆಸರು, ಚಿತ್ರಗೀತೆಯಾದರೆ ಚಿತ್ರದ ಹೆಸರು ಕಾಣುತ್ತವೆ. ಬರೆದವರ ಹೆಸರು ಎಷ್ಟೋ ಬಾರಿ ಇರುವುದಿಲ್ಲ, ಇದ್ದರೂ ಮೂರು ಕಡೆ ಒತ್ತಿ ಹುಡುಕಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಆ ಮಡಿಸಿದ ಕಾಗದ ಕೈಯಲ್ಲಿರುತ್ತಿತ್ತು. ಎ ಬದಿ, ಬಿ ಬದಿ, ಸಾಹಿತ್ಯ, ಸಂಗೀತ, ಗಾಯನ ಎಂದು ಓದಿಕೊಳ್ಳುತ್ತಲೇ ಹಾಡು ಕೇಳುವುದು ನಮ್ಮ ಪೀಳಿಗೆಗೆ ಅಭ್ಯಾಸವಾಗಿತ್ತು. ಕುವೆಂಪು, ಬೇಂದ್ರೆ, ಅಡಿಗ, ಕೆ.ಎಸ್. ನರಸಿಂಹಸ್ವಾಮಿ ಇವರ ಹೆಸರುಗಳನ್ನು ಪಠ್ಯಪುಸ್ತಕಕ್ಕಿಂತ ಮೊದಲು ಕ್ಯಾಸೆಟ್ಟಿನ ಕವರಿನಲ್ಲಿ ಓದಿದವರು ಈ ಊರಿನಲ್ಲೇ ಸಾವಿರಾರು ಮಂದಿ ಇರಬೇಕು.

ಅಂಗಡಿಯವರ ಕೆಲಸದ ರೀತಿಯನ್ನು ಹತ್ತಿರದಿಂದ ನೋಡಿದ್ದು 'ನಿತ್ಯೋತ್ಸವ' ಕ್ಯಾಸೆಟ್ಟಿನ ಸಂದರ್ಭದಲ್ಲಿ. ಟೇಪಿನಲ್ಲಿರುವ ಹಾಡನ್ನು ಓದುವ ಹೆಡ್ಡಿಗೆ ಅದನ್ನು ಒತ್ತಿ ಹಿಡಿಯಲು ಕ್ಯಾಸೆಟ್ಟಿನ ಬಾಯಲ್ಲಿ ಕಡಲೆಬೇಳೆಯಷ್ಟು ಅಗಲದ ಒಂದು ಮೆತ್ತೆ ಇರುತ್ತದೆ. ಅಂಟು ಒಣಗಿ ಅದು ಉದುರಿಹೋಗಿತ್ತು. ಹಾಗೆಯೇ ಹಾಕಿದ್ದರೆ ಹಾಡು ಮಂಕಾಗಿ, ಅಲೆಅಲೆಯಾಗಿ ಕೇಳಿಸುತ್ತಿತ್ತು. ಅವರು ಐದು ಸ್ಕ್ರೂ ಬಿಚ್ಚಿ, ಎರಡು ಸುರುಳಿಗಳನ್ನೂ ಕದಲದಂತೆ ಎತ್ತಿ, ಮೆತ್ತೆ ಗಟ್ಟಿಯಾಗಿದ್ದ ಬೇರೊಂದು ಕ್ಯಾಸೆಟ್ಟಿನ ಕವಚದೊಳಗೆ ಇಟ್ಟು ಮತ್ತೆ ಸ್ಕ್ರೂ ಬಿಗಿದರು. ಹಳೆಯ ಕವಚದ ಮೇಲಿದ್ದ ಲೇಬಲ್ಲನ್ನು ಬ್ಲೇಡಿನಿಂದ ಬಿಡಿಸಿ ಹೊಸದಕ್ಕೆ ಅಂಟಿಸಿದರು. ಒಂದು ಸಲ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಡೆಕ್ಕಿನ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಾ, ಹಾಡಿನಲ್ಲಿ ಸಕಾರ ಶಕಾರಗಳು ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿದರು. ಪ್ರತಿ ಕ್ಯಾಸೆಟ್ಟು ಬೇರೆ ಬೇರೆ ಯಂತ್ರದಲ್ಲಿ ಮುದ್ರಣವಾಗಿರುವುದರಿಂದ ಹೆಡ್ಡಿನ ಓರೆಯನ್ನು ಪ್ರತಿಯೊಂದಕ್ಕೂ ಹೊಂದಿಸಬೇಕಾಗುತ್ತದೆ ಎಂದು ಅವರು ವಿವರಿಸಿದರು. ಅಗ್ಗದ ಯಂತ್ರ ತರಿಸಿಕೊಂಡು ಮನೆಯಲ್ಲಿ ಮಾಡಿಕೊಂಡವರ ಹಾಡುಗಳು ಗಂಟಲು ಕಟ್ಟಿದಂತೆ ಕೇಳುವುದಕ್ಕೆ ಒಂದು ಕಾರಣ ಈ ಹೊಂದಾಣಿಕೆ ಇಲ್ಲದಿರುವುದು.

ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಅದನ್ನು ಅವಸರ ಮಾಡಲು ಬರುವುದಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕುಳಿತು ಕೇಳಲೇಬೇಕು. ಹಾಗೆ ಕೇಳುತ್ತಾ ಅವರು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ: ಹಾಡು, ಕವಿ, ರಾಗಸಂಯೋಜನೆ, ಗಾಯನ, ಮತ್ತು ಹೆಚ್ಚಿನ ವಿವರವೆಂಬ ಖಾಲಿ ಜಾಗ. ಕವರಿನಲ್ಲಿ ಮಾಹಿತಿಯಿದ್ದರೆ ಅಲ್ಲಿಂದ, ಇಲ್ಲದಿದ್ದರೆ ತಂದವರನ್ನು ಕೇಳಿ, ಅವರಿಗೂ ತಿಳಿಯದಿದ್ದರೆ ಕವನಸಂಕಲನ ನೋಡಿ ತುಂಬುತ್ತಾರೆ. ಮೇಜಿನ ಕೆಳಗಿನ ಖಾನೆಯಲ್ಲಿ ಅದಕ್ಕೆಂದೇ ಕವನಸಂಕಲನಗಳೂ ಚಿತ್ರಗೀತೆಗಳ ಹಳೆಯ ಪದ್ಯಪುಸ್ತಕಗಳೂ ಇವೆ. "ಮೇಷ್ಟ್ರೇ, ಹಾಡಿದೋರ್ನ ದನಿಯಲ್ಲೇ ಕಂಡುಹಿಡೀಬೋದು. ಬರೆದೋರಿಗೆ ದನಿ ಎಲ್ಲಿದೆ ಹೇಳಿ, ಅವರ ಹೆಸರನ್ನ ನಾವೇ ಬರೀಬೇಕು" ಎಂದರು. ಈ ಮಾತು ನನಗೆ ಪೂರ್ತಿ ಒಪ್ಪಿಗೆ.

'ನಿತ್ಯೋತ್ಸವ'ವನ್ನೇ ತೆಗೆದುಕೊಳ್ಳೋಣ. ರಾಜ್ಯೋತ್ಸವ ಬಂತೆಂದರೆ ಈ ಹಾಡು ಕೇಳಿಸದ ಶಾಲೆ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಕೆ.ಎಸ್. ನಿಸಾರ್ ಅಹಮದ್ ಅವರ ಈ ಕವಿತೆಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದರು. 1978ರಲ್ಲಿ ಬಂದ ಆ ಧ್ವನಿಸುರುಳಿಯನ್ನು ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಗುರುತಿಸುತ್ತಾರೆ. ನಿಸಾರ್ ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಇದು ತಿಳಿದ ಮೇಲೆ ಹಾಡು ಕೇಳಿದರೆ, ಜೋಗದ ಬೆಳಕು, ತುಂಗೆಯ ತೆನೆಗಳ ಜೊತೆಗೆ ಸಹ್ಯಾದ್ರಿಯ ಒಡಲಲ್ಲಿರುವ ಅದಿರೂ ಆ ಸಾಲುಗಳಲ್ಲಿ ಏಕೆ ಬಂತು ಎಂಬುದು ಥಟ್ಟನೆ ಹೊಳೆಯುತ್ತದೆ. ಬೆಟ್ಟದ ಹಸಿರನ್ನು ಯಾವ ಕವಿಯೂ ಕಂಡಾನು. ಬೆಟ್ಟದೊಳಗಿನ ಲೋಹವನ್ನು ಕಂಡು ಅದನ್ನೂ ತಾಯಿಯ ಸಿರಿಯೆಂದು ಎಣಿಸಲು ಕಲ್ಲು ಓದಿದ ಕಣ್ಣು ಬೇಕು. ಅಂಗಡಿಯವರು ಹೆಚ್ಚಿನ ವಿವರದ ಜಾಗದಲ್ಲಿ 'ಕವಿ: ಭೂವಿಜ್ಞಾನದ ಅಧ್ಯಾಪಕರು' ಎಂದು ಬರೆದಿದ್ದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಹಾಡಿಗೆ ಇಂಥ ವಿವರ ಇನ್ನೂ ಅಗತ್ಯ. ಇದನ್ನು ಪ್ರೇಮಗೀತೆಯೆಂದು ತಿಳಿದು ಮದುವೆ ಆರತಕ್ಷತೆಯ ವೇದಿಕೆಯ ಮೇಲೆ ಹಾಡಿದ್ದನ್ನು ನಗರದ ಬಟವಾಡಿ ಬಡಾವಣೆಯ ಕಲ್ಯಾಣಮಂಟಪವೊಂದರಲ್ಲಿ ನಾನೇ ಕೇಳಿದ್ದೇನೆ. ಅದು ಮಗುವನ್ನು ಕಳೆದುಕೊಂಡ ತಂದೆ, ಎದುರಿಗೆ ನಿಂತ ಹೆಂಡತಿಯ ನೋಟವನ್ನು ಎದುರಿಸಲಾರದೆ ಆಡಿದ ಮಾತು. ಬೇಂದ್ರೆ ದಂಪತಿ ಒಂದಲ್ಲ, ಹಲವು ಮಕ್ಕಳ ಸಾವನ್ನು ಕಂಡವರು. ಹಿನ್ನೆಲೆ ತಿಳಿಯದೆ ಕೇಳಿದರೂ ಹಾಡು ಮನಸ್ಸಿಗೆ ತಟ್ಟುತ್ತದೆ, ನಿಜ. ತಿಳಿದು ಕೇಳಿದವರು ಮಾತ್ರ ಅದನ್ನು ಮತ್ತೆ ಆರತಕ್ಷತೆಯಲ್ಲಿ ಹಾಡಲಾರರು.

ನನ್ನ ಪೆಟ್ಟಿಗೆಯಲ್ಲಿದ್ದ ಅತ್ಯಂತ ಮುಖ್ಯವಾದ ಕ್ಯಾಸೆಟ್ಟಿಗೆ ಕವರೇ ಇರಲಿಲ್ಲ. ನಮ್ಮ ಸೋದರತ್ತೆ, ನಮ್ಮ ಹಳ್ಳಿಯ ಶಾಲೆಯಲ್ಲಿ ಮೇಡಂ ಆಗಿದ್ದವರು, ಮನೆಯಲ್ಲಿ ಕುಳಿತು ಪ್ರಾರ್ಥನಾ ಗೀತೆಗಳನ್ನು ಹಾಡಿ ತುಂಬಿಸಿದ್ದು ಅದು. ಮೊದಲ ಹಾಡು 'ಕರುಣಾಳು ಬಾ ಬೆಳಕೆ'. ಟೇಪು ವರ್ಷಗಟ್ಟಲೆ ಸುತ್ತಿದಂತೆಯೇ ಇದ್ದುದರಿಂದ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೆ ಹತ್ತಿಕೊಂಡು, ಅತ್ತೆ ಬಾಯಿ ತೆರೆಯುವ ಮುನ್ನವೇ ಅವರ ಪಲ್ಲವಿ ಬಹಳ ಸಣ್ಣ ದನಿಯಲ್ಲಿ ಒಮ್ಮೆ ಕೇಳಿಸುತ್ತಿತ್ತು. ಅದನ್ನು ಸಂಪೂರ್ಣವಾಗಿ ತೆಗೆಯಲು ಆಗದೆಂದು ಅಂಗಡಿಯವರು ಮೊದಲೇ ಹೇಳಿದರು. ಪೂರ್ವಭಾವಿಯಾಗಿ ಹೀಗೆ ತಿಳಿಸುವ ಪ್ರಾಮಾಣಿಕತೆ ಮೆಚ್ಚುವಂಥದ್ದು. ಬಳಿಕ ಹಾಳೆ ತುಂಬಲು ಕುಳಿತಾಗ, ಕವಿಯ ಹೆಸರಿನ ಜಾಗಕ್ಕೆ ಬಂದು, ಇದು ಸಾಂಪ್ರದಾಯಿಕ ಪ್ರಾರ್ಥನೆಯೇ ಎಂದು ಕೇಳಿದರು. ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಕರ್ತೃವಿನ ಹೆಸರನ್ನು ಕಳೆದುಕೊಳ್ಳುವಷ್ಟು ಜನಪ್ರಿಯವಾದ ಹಾಡು ಅದು.

ಅದನ್ನು ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯನವರು, ಮತ್ತು ಅವರು 1884ರಲ್ಲಿ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಮೂಲ ಬರೆದವರು ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಸಿಸಿಲಿಯ ಪ್ರವಾಸದಲ್ಲಿ ಜ್ವರ ಬಡಿದು ಸಾವಿನ ಅಂಚಿಗೆ ಹೋಗಿಬಂದ ಆ ಮೂವತ್ತೆರಡರ ತರುಣ, ಊರಿಗೆ ಮರಳುವ ಆತುರದಲ್ಲಿ ಕಿತ್ತಳೆ ಹಣ್ಣು ಸಾಗಿಸುವ ಹಡಗೊಂದನ್ನು ಪಲೆರ್ಮೊದಲ್ಲಿ ಹತ್ತಿ ಮಾರ್ಸೇಲ್‌ಗೆ ಹೊರಟರು. ಕಾರ್ಸಿಕಾ, ಸಾರ್ಡೀನಿಯ ದ್ವೀಪಗಳ ನಡುವಿನ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ನಿಂತು ಹಾಯಿ ಜೋತುಬಿತ್ತು. ಹಡಗು ಒಂದು ವಾರ ಕದಲಲಿಲ್ಲ. ಆ ಪ್ರಯಾಣದಲ್ಲಿ ಅವರು ಬರೆದ ಪ್ರಾರ್ಥನೆ ಇದು. ಮನೆ ದೂರ, ಇರುಳು ಕತ್ತಲು, ಕೈಹಿಡಿದು ನಡೆಸು ಎಂಬ ಮೊರೆ ಅಲ್ಲಿ ಅಲಂಕಾರಕ್ಕೆ ಬಂದದ್ದಾಗಿರಲಿಲ್ಲ. ದೂರದವರೆಗೆ ತೋರಿಸಬೇಡ, ಒಂದು ಹೆಜ್ಜೆಯಷ್ಟು ಕಂಡರೆ ಸಾಕು ಎನ್ನುವ ಮಾತು, ಮುಂದೆ ಸಾಗದ ಹಡಗಿನಲ್ಲಿ ದಿನವೆಣಿಸುತ್ತಿದ್ದ, ಆಗಷ್ಟೇ ಜ್ವರದಿಂದ ಚೇತರಿಸಿಕೊಂಡವರ ಬಾಯಿಂದ ಬಂದದ್ದು. ಗಾಂಧೀಜಿಗೆ ಇದು ಬಹಳ ಪ್ರಿಯವಾದ ಪ್ರಾರ್ಥನೆಯಾಗಿತ್ತು.

ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀಯವರು ಇದನ್ನೂ ಇಂಥ ಹಲವು ಕವಿತೆಗಳನ್ನೂ ಕನ್ನಡಿಸಿ 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಪುಸ್ತಕವೆಂದು ಅದನ್ನು ವಿಮರ್ಶಕರು ಕೊಂಡಾಡುತ್ತಾರೆ. ಜನರ ನಡುವೆ ಅದರ ಎಲ್ಲಕ್ಕಿಂತ ದೊಡ್ಡ ಗೆಲುವು ಈ ಪ್ರಾರ್ಥನೆಯೇ. ಕ್ರೈಸ್ತ ಪಾದ್ರಿಯೊಬ್ಬರ ಮೊರೆ ಕನ್ನಡ ಶಾಲೆಗಳ ಅಂಗಳದಲ್ಲಿ, ದೇವಸ್ಥಾನಗಳ ಭಜನೆಯಲ್ಲಿ, ಸಾವಿನ ಮನೆಯಲ್ಲಿ ಹಾಡಾಗಿ ನಿಂತಿದೆ, ಮತ್ತು ಅದನ್ನು ಬೇರೆಡೆಯಿಂದ ಬಂದದ್ದೆಂದು ಯಾರೂ ಭಾವಿಸುವುದಿಲ್ಲ. ಇಷ್ಟನ್ನು ನಾನು ಹೇಳಿದಾಗ ಅಂಗಡಿಯವರು ಸಂಪಿಗೆಯವರೇ ಎಂದು ಎರಡು ಬಾರಿ ಕೇಳಿ, ಖಾನೆಯಿಂದ ಪುಸ್ತಕ ತೆಗೆದು ಖಚಿತಪಡಿಸಿಕೊಂಡು, ಆಮೇಲೆಯೇ ಬರೆದುಕೊಂಡರು. ಗಿರಾಕಿ ಹೇಳಿದ್ದನ್ನು ಪರಿಶೀಲಿಸದೆ ಬರೆದುಕೊಳ್ಳದ ಅವರ ಪದ್ಧತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಈಗ ನಮ್ಮ ಮನೆಯ ಮಕ್ಕಳು ಆ ಫೈಲನ್ನು ತೆರೆದರೆ ನ್ಯೂಮನ್, ಬಿ.ಎಂ.ಶ್ರೀ, ಅತ್ತೆ ಮೂವರ ಹೆಸರೂ ಒಂದರ ಕೆಳಗೊಂದು ಕಾಣುತ್ತವೆ.

ರಾಗಸಂಯೋಜಕರಿಗೆ ಪ್ರತ್ಯೇಕ ಸಾಲು ಇಟ್ಟಿರುವುದೂ ವಿವೇಕದ ಕೆಲಸ. ಭಾವಗೀತೆಯಲ್ಲಿ ಕವಿತೆ ಹುಟ್ಟಿದ ಕಾಲ ಒಂದು, ಅದು ಹಾಡಾದ ಕಾಲ ಇನ್ನೊಂದು. ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ನೌಕರಿಯ ನಡುವೆ ಬರೆದ 'ಮೈಸೂರು ಮಲ್ಲಿಗೆ' ಅಚ್ಚಾದದ್ದು 1942ರಲ್ಲಿ. ಅದೇ ಹೆಸರಿನ ಚಲನಚಿತ್ರಕ್ಕೆ ಸಿ. ಅಶ್ವತ್ಥ್ ಆ ಕವಿತೆಗಳನ್ನು ಸಂಯೋಜಿಸಿದಾಗ ಅರ್ಧ ಶತಮಾನವೇ ಕಳೆದಿತ್ತು, ಮತ್ತು ಕವಿಗೆ ಆ ವಯಸ್ಸಿನಲ್ಲಿ ಗೀತರಚನೆಗೆಂದು ರಾಷ್ಟ್ರಪ್ರಶಸ್ತಿ ಬಂತು. ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ ಕರೆಯಿತೋ' ಕವಿತೆಯನ್ನು ಮನೋಮೂರ್ತಿಯವರ ಸಂಗೀತದಲ್ಲಿ 'ಅಮೆರಿಕಾ ಅಮೆರಿಕಾ' ಚಿತ್ರದ ಹಾಡಾಗಿ ನಾಡೆಲ್ಲ ಗುನುಗುವ ಹೊತ್ತಿಗೆ ಅಡಿಗರು ಇರಲಿಲ್ಲ. ಅವರು ತೀರಿಕೊಂಡದ್ದು 1992ರಲ್ಲಿ. ನಾಡಗೀತೆಯ ವಿಷಯವಂತೂ ಎಲ್ಲರಿಗೂ ಗೊತ್ತಿದೆ. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ನಾಡಗೀತೆಯೆಂದು ಅಂಗೀಕರಿಸಿದ ಮೇಲೂ ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥ್ ಅವರ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ ಆದೇಶಿಸಿತು. ಒಂದೇ ಸಾಹಿತ್ಯಕ್ಕೆ ಎರಡು ಧಾಟಿಗಳಿರುವಾಗ ಯಾರ ಧಾಟಿ ಎಂಬುದನ್ನು ಬರೆಯದೆ ಬಿಟ್ಟರೆ ದಾಖಲೆ ಅರ್ಧವೇ ಆಗುತ್ತದೆ.

ಚಿತ್ರಗೀತೆಗಳ ಕ್ಯಾಸೆಟ್ಟಿನಲ್ಲಿ ಈ ಕೆಲಸ ಕಷ್ಟ. ಹಲವು ಚಿತ್ರಗಳ ಹಾಡುಗಳನ್ನು ಒಟ್ಟುಮಾಡಿದ ಕ್ಯಾಸೆಟ್ಟುಗಳ ಕವರಿನಲ್ಲಿ ನಟರ ಚಿತ್ರ ದೊಡ್ಡದಾಗಿಯೂ ಗೀತರಚನಕಾರರ ಹೆಸರು ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿಯೂ ಇರುತ್ತಿತ್ತು, ಕೆಲವೊಮ್ಮೆ ಇರುತ್ತಲೇ ಇರಲಿಲ್ಲ. ಹಾಗಾಗಿ ಜನ ಎಲ್ಲ ಹಳೆಯ ಹಾಡನ್ನೂ ಚಿ. ಉದಯಶಂಕರ್ ಅವರ ಖಾತೆಗೆ ಹಾಕುತ್ತಾರೆ. 'ಸಂಪತ್ತಿಗೆ ಸವಾಲ್' ಚಿತ್ರದ (1974) 'ಯಾರೇ ಕೂಗಾಡಲಿ' ಅವರದೇ, ಸಂಗೀತ ಜಿ.ಕೆ. ವೆಂಕಟೇಶ್, ಡಾ. ರಾಜ್‌ಕುಮಾರ್ ಅವರನ್ನು ಪೂರ್ಣಪ್ರಮಾಣದ ಗಾಯಕರಾಗಿ ನಿಲ್ಲಿಸಿದ ಹಾಡು ಅದು. ಆದರೆ ಅದೇ ವರ್ಷದ 'ಉಪಾಸನೆ' ಚಿತ್ರದ 'ಭಾರತ ಭೂಶಿರ ಮಂದಿರ ಸುಂದರಿ' ವಿಜಯನಾರಸಿಂಹ ಅವರದು. 'ಮಿಸ್ ಲೀಲಾವತಿ'ಯ (1965) 'ದೋಣಿ ಸಾಗಲಿ' ಕುವೆಂಪು ಅವರ ಕವಿತೆ. 'ಕಾಡು ಕುದುರೆ' ಚಿತ್ರದ ಹಾಡನ್ನು ಬರೆದು ಸಂಗೀತವನ್ನೂ ಕೊಟ್ಟವರು ಚಂದ್ರಶೇಖರ ಕಂಬಾರರು. ಅದನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಲ್ಲಿ ವಕೀಲರಾಗಿದ್ದು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದರು. ಇವೆಲ್ಲವನ್ನೂ ಅಂಗಡಿಯವರು ಸರಿಯಾಗಿ ನಮೂದಿಸಿದ್ದಾರೆ.

ರಂಗಗೀತೆಗಳ ಕ್ಯಾಸೆಟ್ಟಿನಲ್ಲಿ ಅವರು ತೋರಿಸಿದ ಶ್ರದ್ಧೆಗೆ ಊರಿನ ಅಭಿಮಾನವೂ ಕಾರಣವಿರಬೇಕು. 1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿ ನಮ್ಮ ಜಿಲ್ಲೆಯದು, ರಾಜ್‌ಕುಮಾರ್, ಬಿ.ವಿ. ಕಾರಂತರಂಥವರು ಬಣ್ಣ ಹಚ್ಚಿದ ಕಂಪನಿ. ಅದಕ್ಕೆ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳು 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಮಾತು ಮತ್ತು ಹಾಡುಗಳನ್ನು ಬರೆದರು. ಅಂದರೆ ಕನ್ನಡ ಚಿತ್ರಗೀತೆಯ ಮೊದಲ ಕವಿಯ ಹೆಸರಿನಲ್ಲಿರುವ ಊರು ತುಮಕೂರಿನಿಂದ ಕೂಗಳತೆಯಲ್ಲಿದೆ. ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ನಗರದಲ್ಲಿದೆ. ನರಹರಿ ಶಾಸ್ತ್ರಿಗಳ ಹೆಸರನ್ನು ಮಾತ್ರ ಇಂದಿನ ವಿದ್ಯಾರ್ಥಿಗಳು ಕೇಳಿದ್ದೇ ಅಪರೂಪ. ಈ ವಿಷಯದಲ್ಲಿ ಕಾಲೇಜುಗಳ ಕನ್ನಡ ವಿಭಾಗಗಳು ಮಾಡಬೇಕಾದ ಕೆಲಸ ಬಹಳಷ್ಟಿದೆ.

ಇನ್ನು ಕೊರತೆಗಳು. ಮೊದಲನೆಯದು ಗೊರಗೊರ ಶಬ್ದ ತೆಗೆಯುವ ವಿಧಾನ. ಕಂಪ್ಯೂಟರಿನಲ್ಲಿ ಅದನ್ನು ತೆಗೆಯುವಾಗ ಅವರು ಕೆಲವೆಡೆ ಅಳತೆ ಮೀರಿದ್ದಾರೆ. ಒಂದು ಕ್ಯಾಸೆಟ್ಟಿನಲ್ಲಿ ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯದ ಗುಂಗು ಕತ್ತರಿಸಿದಂತಾಗಿ, ಗಾಯಕಿ ಉಸಿರೆಳೆದುಕೊಳ್ಳುವ ಸದ್ದೂ ಮಾಯವಾಗಿ, ಹಾಡು ನಿರ್ಜೀವವಾಗಿದೆ. ಶುದ್ಧಮಾಡದ ಪ್ರತಿಯನ್ನೂ ಕೊಡಿ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೇಳಿದರೆ ಹೆಚ್ಚಿನ ಹಣವಿಲ್ಲದೆ ಕೊಡುತ್ತಾರೆ. ಎರಡನೆಯದು, ಕೇಳದಿದ್ದರೆ ಎಂಪಿ3 ಫೈಲುಗಳನ್ನಷ್ಟೇ ಕೊಡುತ್ತಾರೆ. ಮೊಬೈಲಿನಲ್ಲಿ ಕೇಳಲು ಅದು ಸಾಕು. ಮುಂದಿನ ಪೀಳಿಗೆಗೆ ಇಡಬೇಕೆನ್ನುವವರು ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲು ಕೇಳಿ ಪಡೆಯಬೇಕು; ಸಿಡಿಯ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿಯಂತೆ ಒಂದು ಕ್ಯಾಸೆಟ್ಟಿಗೆ 600 ಎಂಬಿ ಜಾಗ ಹಿಡಿಯುತ್ತದೆ, ಇಂದಿನ ಪೆನ್‌ಡ್ರೈವ್‌ಗಳಿಗೆ ಅದೇನೂ ಭಾರವಲ್ಲ. ಮೂರನೆಯದು, ಒಂದು ಭಾವಗೀತೆಗೆ ರಾಗಸಂಯೋಜಕರ ಹೆಸರು ಅದಲುಬದಲಾಗಿತ್ತು. ಹಾಡಿನ ಹೆಸರಿನಿಂದಾಚೆಗೆ ಏನನ್ನೂ ಬರೆಯದ ಅಂಗಡಿಯಲ್ಲಿ ಇಂಥ ದೋಷಕ್ಕೆ ಅವಕಾಶವೇ ಇರುವುದಿಲ್ಲ, ಆದರೂ ಹೆಸರುಗಳನ್ನೇ ಹಿರಿಮೆಯಾಗಿ ಉಳ್ಳ ಸೇವೆಯಲ್ಲಿ ಇದು ಆಗಬಾರದು. ಕವರಿನ ಚಿತ್ರ ಜೊತೆಗಿದ್ದುದರಿಂದ ತಕ್ಷಣ ಗೊತ್ತಾಯಿತು. ಅವರು ಅಲ್ಲೇ ತಿದ್ದಿಕೊಟ್ಟರು.

ಕ್ಯಾಸೆಟ್ಟೊಂದಕ್ಕೆ 150 ರೂಪಾಯಿ ತೆಗೆದುಕೊಳ್ಳುತ್ತಾರೆ. ಕವಚ ಬದಲಿಸಬೇಕಾದರೆ, ಹರಿದ ಟೇಪನ್ನು ಜೋಡಿಸಬೇಕಾದರೆ 50 ರೂಪಾಯಿ ಹೆಚ್ಚು. ಪೆನ್‌ಡ್ರೈವ್ ನಮ್ಮದೇ ಒಯ್ಯಬೇಕು. ಒಂದು ಗಂಟೆ ಕೂತು ಕೇಳಿ, ಕವಿಯ ಹೆಸರು ಹುಡುಕಿ ಬರೆದುಕೊಡುವ ಕೆಲಸಕ್ಕೆ ಇದು ಖಂಡಿತ ದುಬಾರಿಯಲ್ಲ, ಅವರು ಇನ್ನಷ್ಟು ಕೇಳಿದರೂ ನಾನು ಕೊಡುತ್ತಿದ್ದೆ. ಬೇರೆಯವರ ಕ್ಯಾಸೆಟ್ಟಿನ ಪ್ರತಿ ಮಾಡಿ ಮಾರುವ ವ್ಯವಹಾರ ಅವರಲ್ಲಿಲ್ಲ. ನಾನಿದ್ದಾಗಲೇ ಒಬ್ಬರು ಬಂದು, "ಅಣ್ಣಾ, ಅವರ ಹಾಡೆಲ್ಲಾ ನನಗೂ ಒಂದ್ ಕಾಪಿ ಹಾಕ್ಕೊಡಿ, ದುಡ್ಡು ಕೊಡ್ತೀನಿ" ಎಂದಾಗ, "ಅದು ಆಗಲ್ಲಪ್ಪ, ನಿಮ್ಮ ಕ್ಯಾಸೆಟ್ ತನ್ನಿ, ನಿಮಗೆ ಮಾಡ್ಕೊಡ್ತೀನಿ" ಎಂದು ಕಳಿಸಿದರು. ಹಾಡು ಬರೆದವರಿಗೂ ಸಂಗೀತ ಕೊಟ್ಟವರಿಗೂ ಗೌರವಧನದಲ್ಲಿ (ರಾಯಲ್ಟಿಯಲ್ಲಿ) ಬಿಟ್ಟುಕೊಡಲಾಗದ ಹಕ್ಕನ್ನು ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಕೊಟ್ಟಿದೆ. ಕವಿಗಳ ಹೆಸರನ್ನು ಇಷ್ಟು ಆಸ್ಥೆಯಿಂದ ಬರೆಯುವ ಅಂಗಡಿ ಅವರ ಹಕ್ಕನ್ನೂ ಹೀಗೆ ಕಾಯುವುದು ಸರಿಯಾಗಿಯೇ ಇದೆ.

ಹೋಗುವವರು ಕ್ಯಾಸೆಟ್ಟಿನ ಕವರುಗಳನ್ನು ತಪ್ಪದೆ ಒಯ್ಯಬೇಕು, ಹರಿದಿದ್ದರೂ ಚಿಂತೆಯಿಲ್ಲ. ಮನೆಯಲ್ಲಿ ಹಾಡಿ ತುಂಬಿಸಿದ ಕ್ಯಾಸೆಟ್ಟುಗಳಿದ್ದರೆ ಅದರಲ್ಲಿ ಯಾರ ದನಿಯಿದೆ, ಯಾವ ಹಾಡು ಯಾರಿಂದ ಕಲಿತದ್ದು ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಟ್ಟುಕೊಂಡು ಹೋದರೆ ಹಾಳೆ ಬೇಗ ತುಂಬುತ್ತದೆ. ಬೂಷ್ಟು ಹಿಡಿದ ಟೇಪನ್ನು ಮನೆಯ ಯಂತ್ರಕ್ಕೆ ಹಾಕಿ ಪರೀಕ್ಷಿಸಬೇಡಿ, ಹಾಗೆಯೇ ಕೊಡಿ. ದೊಡ್ಡ ಸ್ಪೂಲ್ ಟೇಪು, ವಿಡಿಯೊ ಕ್ಯಾಸೆಟ್ಟುಗಳನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ. ಅಂಗಡಿ ಬೆಳಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ತೆರೆದಿರುತ್ತದೆ, ಭಾನುವಾರ ರಜೆ. ಅಕ್ಟೋಬರ್ ಕೊನೆಯಲ್ಲಿ ರಾಜ್ಯೋತ್ಸವದ ಹಾಡುಗಳಿಗಾಗಿ ಶಾಲೆಯವರು ಬರುವುದರಿಂದ ಆಗ ಕೊಟ್ಟ ಕ್ಯಾಸೆಟ್ಟುಗಳು ಕೈಗೆ ಸಿಗಲು ಒಂದು ತಿಂಗಳಾದರೂ ಬೇಕು. ಉಳಿದ ಸಮಯದಲ್ಲಿ ವಾರದೊಳಗೆ ಮಾಡಿಕೊಡುತ್ತಾರೆ.